ನಿನ್ನೆಗೆ ಹೊರಟ ಮೂವರು ಮತ್ತು ನನ್ನ ಒಂದು ಬ್ಯಾಕ್

ಥರ್ಡ್ ಸೆಮ್ ರಿಸಲ್ಟ್ ಬಂದ ರಾತ್ರಿ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಎರಡೇ ಥರದ ಸದ್ದು. ಪಾಸಾದವರ ಕೂಗಾಟ ಒಂದು, ರೂಮಿನ ಬಾಗಿಲು ಹಾಕಿಕೊಳ್ಳುವವರ ಸದ್ದು ಇನ್ನೊಂದು. ನಾನು ಎರಡನೇ ಗುಂಪಿನವನು. ಉಳಿದ ಎಲ್ಲ ಸಬ್ಜೆಕ್ಟ್‌ಗಳ ಎದುರು 'ಪಿ' ಇತ್ತು, ಮ್ಯಾಥ್ಸ್ ಎದುರು ಮಾತ್ರ 'ಎಫ್'. ಪಾಸಾಗಲು 11 ಅಂಕ ಕಮ್ಮಿ. ಪೇಜನ್ನು ಮೂರು ಸಲ ರಿಫ್ರೆಶ್ ಮಾಡಿದೆ. ಮೂರು ಸಲವೂ ಆ 'ಎಫ್' ಇದ್ದಲ್ಲಿಂದ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನು. 'ರಿಸಲ್ಟ್ ಬಂತಂತಲ್ಲೋ, ಏನಾಯ್ತು ಮಗಾ?' ಅಂದರು. 'ಸರ್ವರ್ ಡೌನ್ ಆಗಿದೆ ಅಪ್ಪಾ, ನಾಳೆ ನೋಡ್ತೀನಿ' ಅಂದೆ. ಮರುದಿನ ಮತ್ತೆ ಕೇಳಿದಾಗ, 'ಎಲ್ಲಾ ಕ್ಲಿಯರ್' ಅಂದುಬಿಟ್ಟೆ. ಎರಡೇ ಪದ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ.

'ಪರೀಕ್ಷೆಯ ಹಿಂದಿನ ವಾರಕ್ಕೆ ವಾಪಸ್ ಹೋಗೋ ಹಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು ಅಲ್ವೇನೋ' ಅಂತ ರೂಮ್‌ಮೇಟ್ ಹತ್ತಿರ ಗೊಣಗಿದೆ. ಅವನು ಹಳೇ ಗೇಮ್‌ಗಳ ಹುಚ್ಚ. ನಾವೆಲ್ಲ ಮೊಬೈಲ್‌ನಲ್ಲಿ ಗುಂಡು ಹಾರಿಸುತ್ತಿದ್ದರೆ ಅವನು ನಾವು ಹುಟ್ಟುವ ಮೊದಲೇ ಬಂದ ಆಟಗಳನ್ನು ಸೇಲ್‌ನಲ್ಲಿ ಕೊಂಡು ಆಡುತ್ತಾನೆ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಹೇಳಿದ: 'ಹಾಗಾದ್ರೆ ಇದನ್ನ ಆಡು. ಇದರಲ್ಲೂ ಮೂರು ಜನ ನಿನ್ನೆಗೆ ಹೋಗೋಕೆ ಹೊರಟಿದ್ದಾರೆ. ಟಾಯ್ಲೆಟ್‌ನಲ್ಲಿ ಕೂತ್ಕೊಂಡು.'

ಆಟದ ಹೆಸರು 'ಡೇ ಆಫ್ ದಿ ಟೆಂಟಕಲ್'. ಆ ರಾತ್ರಿ ಎರಡು ಗಂಟೆಯವರೆಗೆ ಆಡಿದೆ. ಆಮೇಲೆ ಅದನ್ನು ಮುಗಿಸಲು ನನಗೆ ಮೂರು ವಾರ ಹಿಡಿಯಿತು. ನನ್ನ ಸುಳ್ಳಿನ ಆಯಸ್ಸೂ ಅಷ್ಟೇ ಇತ್ತು.

ಅಗ್ಗದ ವಜ್ರ ತಂದ ಫಜೀತಿ

ಟೆಂಟಕಲ್ ಅಂದರೆ ಆಕ್ಟೋಪಸ್‌ನ ತೋಳಿನಂಥ ಅಂಗ. ಈ ಆಟದಲ್ಲಿ ಆ ತೋಳೇ ಒಂದು ಜೀವಿ. ಡಾಕ್ಟರ್ ಫ್ರೆಡ್ ಎಂಬ ತಲೆತಿರುಕ ವಿಜ್ಞಾನಿಯ ಮನೆಯಲ್ಲಿ ಹಸಿರು ಟೆಂಟಕಲ್, ನೇರಳೆ ಟೆಂಟಕಲ್ ಅಂತ ಎರಡಿವೆ. ಫ್ರೆಡ್‌ನ ಯಂತ್ರ ಹೊರಬಿಡುವ ವಿಷದ ಕೊಳೆನೀರನ್ನು ಕುಡಿದ ನೇರಳೆ ಟೆಂಟಕಲ್‌ಗೆ ಪುಟ್ಟ ಪುಟ್ಟ ಕೈಗಳು ಮೂಡುತ್ತವೆ, ಜೊತೆಗೆ ಜಗತ್ತನ್ನೇ ಆಳಬೇಕೆಂಬ ಆಸೆಯೂ ಮೂಡುತ್ತದೆ. ಫ್ರೆಡ್ ಎರಡನ್ನೂ ಕಟ್ಟಿಹಾಕುತ್ತಾನೆ. ಹಸಿರು ಟೆಂಟಕಲ್‌ನ ಪತ್ರ ನೋಡಿ ಓಡಿಬರುವ ಬರ್ನಾರ್ಡ್ ಎಂಬ ಕನ್ನಡಕದ ಹುಡುಗ, ಪಾಪ ಅಂತ ಎರಡನ್ನೂ ಬಿಚ್ಚಿಬಿಡುತ್ತಾನೆ. ಅಲ್ಲಿಂದ ಶುರು ಕಥೆ.

ಈಗ ಉಳಿದಿರುವುದು ಒಂದೇ ದಾರಿ. ನಿನ್ನೆಗೆ ಹೋಗಿ ಆ ಯಂತ್ರವನ್ನು ಆಫ್ ಮಾಡಬೇಕು. ಫ್ರೆಡ್ ಹತ್ತಿರ ಕಾಲಯಂತ್ರ ಇದೆ, ಆದರೆ ಅದು ಮದುವೆ ಜಾತ್ರೆಗಳಲ್ಲಿ ತಂದು ನಿಲ್ಲಿಸುವಂಥ ಮೊಬೈಲ್ ಟಾಯ್ಲೆಟ್‌ನ ರೂಪದಲ್ಲಿದೆ. ಬರ್ನಾರ್ಡ್ ಮತ್ತು ಅವನ ಇಬ್ಬರು ಗೆಳೆಯರು, ಸಂಗೀತದ ಬ್ಯಾಂಡ್‌ಗಳ ಸಾಮಾನು ಹೊರುವ ಹೋಗಿ ಮತ್ತು ಮೆಡಿಕಲ್ ಓದುವ ಲ್ಯಾವರ್ನ್, ಒಂದೊಂದರಲ್ಲಿ ಕೂರುತ್ತಾರೆ. ಅರ್ಧ ದಾರಿಯಲ್ಲಿ ಯಂತ್ರ ಕೆಡುತ್ತದೆ. ಕಾರಣ, ಅದಕ್ಕೆ ಬೇಕಿದ್ದ ವಜ್ರದ ಜಾಗದಲ್ಲಿ ಫ್ರೆಡ್ ದುಡ್ಡು ಉಳಿಸಲು ನಕಲಿ ವಜ್ರ ಕೂರಿಸಿರುತ್ತಾನೆ. ಹೋಗಿ 200 ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾನೆ. ಲ್ಯಾವರ್ನ್ 200 ವರ್ಷ ಮುಂದಕ್ಕೆ, ಟೆಂಟಕಲ್‌ಗಳು ಮನುಷ್ಯರನ್ನು ಸಾಕುಪ್ರಾಣಿಗಳ ಹಾಗೆ ಇಟ್ಟುಕೊಂಡಿರುವ ಕಾಲಕ್ಕೆ ಹೋಗಿ ಬೀಳುತ್ತಾಳೆ. ಬರ್ನಾರ್ಡ್ ಹೊರಟಲ್ಲೇ ಉಳಿಯುತ್ತಾನೆ. ನಿನ್ನೆಗೆ ಹೊರಟವರಲ್ಲಿ ಒಬ್ಬರೂ ನಿನ್ನೆಯನ್ನು ತಲುಪುವುದಿಲ್ಲ.

ನಕಲಿ ವಜ್ರದ ಹತ್ತಿರ ಬಂದಾಗ ನನಗೆ ನಗು ಬಂತು, ಆಮೇಲೆ ನಿಂತಿತು. ನನ್ನ ಮೇಜಿನ ಮೇಲೆ ಇನ್ನೂ ಬಿದ್ದಿತ್ತು ಮ್ಯಾಥ್ಸ್‌ನ 'ಪಾಸಿಂಗ್ ಪ್ಯಾಕೇಜ್'. ಬಿ.ಇ. ಓದುವವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಐದು ಮಾಡ್ಯೂಲ್‌ನಲ್ಲಿ ಎರಡು ಬಿಟ್ಟು, ಮೂರರಲ್ಲಿ ಬರಬಹುದಾದ ಪ್ರಶ್ನೆಗಳನ್ನಷ್ಟೇ ಆರಿಸಿ, ಹತ್ತು ಹನ್ನೆರಡು ಪುಟಕ್ಕೆ ಇಳಿಸಿದ ಜೆರಾಕ್ಸ್ ಕಟ್ಟು. ಸಿಕ್ಕರೆ ಪಾಸ್. ನನಗೆ ಸಿಗಲಿಲ್ಲ.

ಫ್ಲಶ್ ಮಾಡಿದರೆ ಇನ್ನೂರು ವರ್ಷ

ಮೂವರೂ ಬೇರೆ ಬೇರೆ ಕಾಲದಲ್ಲಿದ್ದರೂ ಇರುವುದು ಒಂದೇ ಮನೆಯಲ್ಲಿ. ಒಬ್ಬರ ಹತ್ತಿರ ಇರುವ ಚಿಕ್ಕಪುಟ್ಟ ವಸ್ತುವನ್ನು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿದರೆ ಇನ್ನೊಬ್ಬರ ಕೈಗೆ ಸೇರುತ್ತದೆ. ಆಟದ ಜೀವಾಳವೇ ಇದು. ಗುಂಡಿಲ್ಲ, ಓಟವಿಲ್ಲ, ಗಡಿಯಾರದ ಒತ್ತಡವಿಲ್ಲ. ಯೋಚಿಸಬೇಕು ಅಷ್ಟೇ.

ಒಂದು ಉದಾಹರಣೆ. ಲ್ಯಾವರ್ನ್ ಮುಂದಿನ ಕಾಲದಲ್ಲಿ ಒಂದು ಮರಕ್ಕೆ ಸಿಕ್ಕಿಕೊಂಡು ನೇತಾಡುತ್ತಿರುತ್ತಾಳೆ. ಅದು ಕಮ್‌ಕ್ವಾಟ್ ಮರ, ಪುಟ್ಟ ಕಿತ್ತಳೆಯಂಥ ಹಣ್ಣು ಬಿಡುವಂಥದ್ದು. ಅದೇ ಮರ 200 ವರ್ಷ ಹಿಂದೆ ಹೋಗಿಯ ಎದುರಿಗೂ ಇದೆ. ಅಲ್ಲೇ ಜಾರ್ಜ್ ವಾಷಿಂಗ್ಟನ್ ಕೂಡ ಇದ್ದಾರೆ. ಚಿಕ್ಕಂದಿನಲ್ಲಿ ಚೆರ್ರಿ ಮರ ಕಡಿದ ಕಥೆಗೆ ಹೆಸರಾದವರು. ಹೋಗಿ ಆ ಹಣ್ಣುಗಳಿಗೆ ಕೆಂಪು ಬಣ್ಣ ಬಳಿಯುತ್ತಾನೆ. ವಾಷಿಂಗ್ಟನ್ ಅದನ್ನು ಚೆರ್ರಿ ಮರ ಅಂದುಕೊಂಡು ಕಡಿದು ಹಾಕುತ್ತಾರೆ. ಅತ್ತ ಭವಿಷ್ಯದಲ್ಲಿ ಮರವೇ ಇಲ್ಲದಂತಾಗಿ ಲ್ಯಾವರ್ನ್ ದೊಪ್ಪನೆ ನೆಲಕ್ಕೆ ಬೀಳುತ್ತಾಳೆ.

ಇನ್ನೊಂದು. ಹೋಗಿಗೆ ವಿದ್ಯುತ್‌ಗಾಗಿ ಒಂದು ಬ್ಯಾಟರಿ ಬೇಕು. ಅದಕ್ಕೆ ಎಣ್ಣೆ, ಚಿನ್ನ, ವಿನೆಗರ್ ಬೇಕು. ವಿನೆಗರ್ ಎಲ್ಲೂ ಇಲ್ಲ, ವೈನ್ ಇದೆ. ಭವಿಷ್ಯದವರಿಗೆಂದು ಹೂಳುವ ಟೈಮ್ ಕ್ಯಾಪ್ಸೂಲ್‌ನಲ್ಲಿ ವೈನ್ ಬಾಟಲಿ ಇಟ್ಟರೆ, 400 ವರ್ಷ ಕಳೆದು ಲ್ಯಾವರ್ನ್ ಅದನ್ನು ತೆರೆದಾಗ ಸಿಗುವುದು ಹುಳಿತು ವಿನೆಗರ್ ಆದ ವೈನ್. ಅದನ್ನು ಫ್ಲಶ್ ಮಾಡಿದರೆ ಹೋಗಿಯ ಕೈಗೆ ವಾಪಸ್. ಹಾಗೆಯೇ, ಬರ್ನಾರ್ಡ್ ಒಂದು ಸ್ವೆಟರನ್ನು ಬಟ್ಟೆ ಒಣಗಿಸುವ ಮೆಷಿನ್‌ಗೆ ಹಾಕಿ ರಾಶಿ ರಾಶಿ ನಾಣ್ಯ ತುಂಬುತ್ತಾನೆ. ಅದು 200 ವರ್ಷ ತಿರುಗಿ ತಿರುಗಿ, ಹೆಪ್ಪುಗಟ್ಟಿ ಚಳಿಗೆ ನಡುಗುತ್ತಿರುವ ಒಂದು ಹ್ಯಾಮ್‌ಸ್ಟರ್ ಇಲಿಗೆ ಸರಿಹೊಂದುವಷ್ಟು ಚಿಕ್ಕದಾಗುತ್ತದೆ.

ಇದೆಲ್ಲ ಕೇಳಲು ಹುಚ್ಚಾಟ. ಆದರೆ ಆಡುವಾಗ ಗೊತ್ತಾಗುತ್ತದೆ, ಇದರ ಒಳಗೆ ಗಟ್ಟಿಯಾದ ಲೆಕ್ಕ ಇದೆ. ಯಾವ ಒಗಟಿನ ಉತ್ತರವೂ ಗಾಳಿಯಿಂದ ಉದುರುವುದಿಲ್ಲ. ಇಂಥದ್ದು ಮಾಡಿದರೆ ಇಂಥದ್ದಾಗುತ್ತದೆ ಎಂಬ ಸರಪಳಿಯನ್ನು ಫಲದಿಂದ ಕಾರಣದ ಕಡೆಗೆ ಹಿಂದಕ್ಕೆ ಓದಬೇಕು. ನಮ್ಮ ಲ್ಯಾಬ್‌ನಲ್ಲಿ ಪ್ರೋಗ್ರಾಂ ಕೈಕೊಟ್ಟಾಗ ಡಿಬಗ್ ಮಾಡುತ್ತೇವಲ್ಲ, ಥೇಟ್ ಹಾಗೆ.

ಇತಿಹಾಸವನ್ನಂತೂ ಆಟ ಬೇಕುಬೇಕಾದ ಹಾಗೆ ಕಲಸಿದೆ. ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟದ ಪ್ರಯೋಗ 1752ರದ್ದು, ಅಮೆರಿಕದ ಸಂವಿಧಾನ ಬರೆದದ್ದು 1787ರಲ್ಲಿ. ಆಟದಲ್ಲಿ ಎರಡೂ ಒಂದೇ ಹೊತ್ತಿಗೆ, ಒಂದೇ ಮನೆಯ ಒಳಗೂ ಹೊರಗೂ ನಡೆಯುತ್ತವೆ. ಸಂವಿಧಾನ ಬರೆಯುವವರ ಪೈಕಿ ಥಾಮಸ್ ಜೆಫರ್ಸನ್ ಕೂತಿರುತ್ತಾರೆ. ನಿಜದಲ್ಲಿ ಆ ಹೊತ್ತಿಗೆ ಅವರು ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದರು. ಚೆರ್ರಿ ಮರದ ಕಥೆಯಂತೂ ವಾಷಿಂಗ್ಟನ್ ತೀರಿಕೊಂಡ ಮೇಲೆ ಮೇಸನ್ ವೀಮ್ಸ್ ಎಂಬ ಲೇಖಕ ಹೆಣೆದದ್ದು. ಒಂದು ಆಟದ ನೆಪದಲ್ಲಿ ಇದನ್ನೆಲ್ಲ ಹುಡುಕಿ ಓದಿದೆ. ಪ್ಯಾಕೇಜ್ ಇಲ್ಲದೆ ನಾನು ಓದಿದ ಮೊದಲ ವಿಷಯ ಇದೇ ಇರಬೇಕು.

ದಾರಿ ಮುಚ್ಚದ ಆಟ

ಈ ಆಟ ಬಂದದ್ದು 1993ರಲ್ಲಿ. ಮಾಡಿದ್ದು 'ಸ್ಟಾರ್ ವಾರ್ಸ್' ಸಿನಿಮಾದ ಜಾರ್ಜ್ ಲ್ಯೂಕಾಸ್ ಕಟ್ಟಿದ ಲ್ಯೂಕಾಸ್‌ಆರ್ಟ್ಸ್ ಕಂಪನಿ. ನಿರ್ದೇಶಿಸಿದವರು ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. ಇಬ್ಬರೂ ಆಗ ಇಪ್ಪತ್ತರ ಹರೆಯದವರು, ಇಬ್ಬರಿಗೂ ನಿರ್ದೇಶಕರಾಗಿ ಅದು ಮೊದಲ ಆಟ. ಇದು 1987ರ 'ಮೇನಿಯಾಕ್ ಮ್ಯಾನ್ಷನ್' ಎಂಬ ಆಟದ ಮುಂದಿನ ಭಾಗ. ಆ ಮೊದಲ ಆಟಕ್ಕಾಗಿ ರಾನ್ ಗಿಲ್ಬರ್ಟ್ ಮತ್ತು ಸಂಗಡಿಗರು 'ಸ್ಕಮ್' ಎಂಬ ವ್ಯವಸ್ಥೆ ರೂಪಿಸಿದ್ದರು. ಆಟಗಾರ ಕೀಬೋರ್ಡ್‌ನಲ್ಲಿ ವಾಕ್ಯ ಟೈಪ್ ಮಾಡುವ ಬದಲು ಪರದೆಯ ಕೆಳಗಿರುವ 'ಕೊಡು', 'ತೆರೆ', 'ನೋಡು', 'ಮಾತಾಡು' ಎಂಬಂಥ ಕ್ರಿಯಾಪದಗಳನ್ನು ಮೌಸ್‌ನಿಂದ ಒತ್ತಿದರೆ ಸಾಕು. 'ಡೇ ಆಫ್ ದಿ ಟೆಂಟಕಲ್'ನಲ್ಲಿ ಇಂಥ ಒಂಬತ್ತು ಪದಗಳಿವೆ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಆ ಕಾಲದ ಎಷ್ಟೋ ಸಾಹಸ ಆಟಗಳಲ್ಲಿ ಒಂದು ತಪ್ಪು ಹೆಜ್ಜೆ ಇಟ್ಟರೆ ಪಾತ್ರ ಸತ್ತುಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೂ ಇತ್ತು. ಮೊದಲ ಗಂಟೆಯಲ್ಲಿ ಒಂದು ವಸ್ತು ಎತ್ತಿಕೊಳ್ಳಲು ಮರೆತರೆ, ಹತ್ತನೇ ಗಂಟೆಯಲ್ಲಿ ಮುಂದೆ ಹೋಗುವ ದಾರಿಯೇ ಇರುತ್ತಿರಲಿಲ್ಲ, ಆದರೆ ಅದನ್ನು ಆಟ ನಿಮಗೆ ಹೇಳುತ್ತಲೂ ಇರಲಿಲ್ಲ. ಇದು ಸರಿಯಲ್ಲ ಅಂತ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದಿದ್ದರು. ಅವರದೇ 'ಮೇನಿಯಾಕ್ ಮ್ಯಾನ್ಷನ್'ನಲ್ಲೂ ಪಾತ್ರಗಳು ಸಾಯಬಹುದಿತ್ತು. 'ಡೇ ಆಫ್ ದಿ ಟೆಂಟಕಲ್'ನಲ್ಲಿ ಹಾಗಿಲ್ಲ. ಇಲ್ಲಿ ಯಾರೂ ಸಾಯುವುದಿಲ್ಲ, ದಾರಿ ಎಂದೂ ಮುಚ್ಚುವುದಿಲ್ಲ. ನೀವು ಎರಡು ದಿನ ಒಂದೇ ಕೋಣೆಯಲ್ಲಿ ಪೆಚ್ಚಾಗಿ ನಿಂತಿರಬಹುದು, ಆದರೆ ಬಿಡಿಸುವ ಉತ್ತರ ಎಲ್ಲೋ ನಿಮ್ಮ ಕೈಗೆಟುಕುವಲ್ಲೇ ಇರುತ್ತದೆ.

ಬದುಕು ಅಷ್ಟು ಉದಾರಿಯಲ್ಲ, ಒಪ್ಪುತ್ತೇನೆ. ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಎಷ್ಟೋ ಕಂಪನಿಗಳ ಮೊದಲ ಷರತ್ತೇ 'ಬ್ಯಾಕ್ ಇರಬಾರದು' ಎಂಬುದು. ಆದರೆ ಆ ದಿನಗಳಲ್ಲಿ ನನಗೆ ಆ ವ್ಯತ್ಯಾಸ ತಿಳಿಯಬೇಕಿತ್ತು. ಸಿಕ್ಕಿಕೊಳ್ಳುವುದು ಬೇರೆ, ಮುಗಿದುಹೋಗುವುದು ಬೇರೆ. ನಾನು ಸಿಕ್ಕಿಕೊಂಡಿದ್ದೆ, ಅಷ್ಟೇ.

ಒಂದು ಕೀ ಒತ್ತಿದರೆ 1993

ನಾನು ಆಡಿದ್ದು ಮೂಲ ಆಟವಲ್ಲ, ಅದರ ಹೊಸ ರೂಪ. ಲ್ಯೂಕಾಸ್‌ಫಿಲ್ಮನ್ನು 2012ರಲ್ಲಿ ಡಿಸ್ನಿ ಕೊಂಡಿತು. ಮರುವರ್ಷ ಏಪ್ರಿಲ್‌ನಲ್ಲಿ ಲ್ಯೂಕಾಸ್‌ಆರ್ಟ್ಸ್ ಒಳಗೆ ಆಟ ತಯಾರಿಸುವ ಕೆಲಸ ನಿಂತುಹೋಯಿತು. ಅಷ್ಟರಲ್ಲಿ ಟಿಮ್ ಶೇಫರ್ ಅಲ್ಲಿಂದ ಹೊರಬಂದು 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಬಲ್ ಫೈನ್ ಎಂಬ ತಮ್ಮದೇ ಸ್ಟುಡಿಯೊ ಕಟ್ಟಿದ್ದರು. ತಾವು ಹರೆಯದಲ್ಲಿ ಮಾಡಿದ ಆಟಕ್ಕೆ ನಡುವಯಸ್ಸಿನಲ್ಲಿ ಮತ್ತೆ ಕೈಹಾಕಿದರು. 2016ರ ಮಾರ್ಚ್‌ನಲ್ಲಿ 'ಡೇ ಆಫ್ ದಿ ಟೆಂಟಕಲ್ ರಿಮಾಸ್ಟರ್ಡ್' ಬಂತು.

ಮೂಲ ಆಟದ ಪರದೆ 320 ಅಡ್ಡ, 200 ಉದ್ದದ ಚುಕ್ಕಿಗಳದ್ದು. ಅಂದರೆ ಒಟ್ಟು 64,000 ಪಿಕ್ಸೆಲ್, ಬಣ್ಣ 256. ಇವತ್ತಿನ ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಇವೆ, ಸುಮಾರು 32 ಪಟ್ಟು. ಹಳೆಯದನ್ನು ಹಾಗೇ ಹಿಗ್ಗಿಸಿದರೆ ಚಿತ್ರವೆಲ್ಲ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಕೋಣೆ, ಪ್ರತಿ ಪಾತ್ರವನ್ನು ಹೊಸದಾಗಿ ಬರೆದರು. ಧ್ವನಿ, ಸಂಗೀತವನ್ನು ಹಸನು ಮಾಡಿದರು. ಪರದೆಯ ಕೆಳಗಿನ ಒಂಬತ್ತು ಪದಗಳ ಬದಲು ವಸ್ತುವಿನ ಪಕ್ಕದಲ್ಲೇ ಅರಳುವ ಪದಚಕ್ರ ಕೊಟ್ಟರು. ಮೂಲ ತಂಡದವರು ತಮ್ಮ ಕೆಲಸದ ಬಗ್ಗೆ ಮಾತಾಡುವ ಧ್ವನಿಮುದ್ರಣವನ್ನೂ ಸೇರಿಸಿದರು, ಆಡುತ್ತಾ ಆಡುತ್ತಾ ಕೇಳಬಹುದು.

ಏನನ್ನು ಮುಟ್ಟಲಿಲ್ಲ ಅನ್ನುವುದು ಇನ್ನೂ ಮುಖ್ಯ. ಒಗಟುಗಳು ಅವೇ. ಮಾತುಗಳು ಅವೇ, ಆ ಮಾತಾಡಿದ ಗಂಟಲುಗಳೂ ಅವೇ. ಬಾಗಿಲು ಇದ್ದಲ್ಲಿ ಬಾಗಿಲು, ಕಿಟಕಿ ಇದ್ದಲ್ಲಿ ಕಿಟಕಿ. ಹಳೆಯ ಆಟದೊಳಗೆ ಒಂದು ಚೇಷ್ಟೆ ಇತ್ತು: ಮನೆಯ ಒಂದು ಕೋಣೆಯ ಕಂಪ್ಯೂಟರ್ ಮುಟ್ಟಿದರೆ 1987ರ 'ಮೇನಿಯಾಕ್ ಮ್ಯಾನ್ಷನ್' ಇಡೀ ಆಟವನ್ನೇ ಆಡಬಹುದಿತ್ತು. ಅದೂ ಹೊಸದರಲ್ಲಿ ಹಾಗೇ ಇದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕೀ. ಆಟದ ಮಧ್ಯೆ ಯಾವಾಗ ಬೇಕಾದರೂ ಅದನ್ನು ಒತ್ತಿದರೆ ಹೊಸ ಚಿತ್ರ ಹೋಗಿ ಅದೇ ಜಾಗದ 1993ರ ಚಿತ್ರ ಬರುತ್ತದೆ. ಬರ್ನಾರ್ಡ್ ನಿಂತಲ್ಲೇ ನಿಂತಿರುತ್ತಾನೆ, ಆದರೆ ಚುಕ್ಕಿ ಚುಕ್ಕಿಯಾಗಿ. ಮತ್ತೆ ಒತ್ತಿದರೆ ಹೊಸದು. ಅಂದರೆ ಹೊಸದನ್ನು ಮಾಡಿದವರು ಹಳೆಯದನ್ನು ಮುಚ್ಚಿಡಲಿಲ್ಲ. ಬೇಕಿದ್ದರೆ ಹೋಲಿಸಿ ನೋಡಿ ಅಂತ ನಮ್ಮ ಕೈಗೇ ಕೊಟ್ಟಿದ್ದಾರೆ. ನಾನು ಆ ಕೀ ಒತ್ತುತ್ತಾ ಒತ್ತುತ್ತಾ ಎಷ್ಟೋ ಹೊತ್ತು ಆಟವನ್ನೇ ಮರೆತಿದ್ದುಂಟು.

ಇದಕ್ಕೆ ಇನ್ನೊಂದು ದಾರಿಯೂ ಇದೆ. 2001ರಲ್ಲಿ ಕೆಲವು ಉತ್ಸಾಹಿಗಳು ಶುರುಮಾಡಿದ 'ಸ್ಕಮ್‌ವಿಎಂ' ಎಂಬ ಓಪನ್ ಸೋರ್ಸ್ ತಂತ್ರಾಂಶ. ಅದು ಹಳೆ ಆಟದ ಚಿತ್ರ ಬದಲಿಸುವುದಿಲ್ಲ. ಹಳೆಯ ಡಿಸ್ಕ್‌ನ ಕಡತಗಳನ್ನು ಇವತ್ತಿನ ಕಂಪ್ಯೂಟರ್, ಮೊಬೈಲ್‌ಗಳು ಓದುವಂತೆ ಮಾಡುತ್ತದೆ, ಅಷ್ಟೇ. ಮೂಲ ಆಟವನ್ನು ಕೊಂಡವರು ಅದನ್ನು ಇಂದಿಗೂ ಇದ್ದ ಹಾಗೇ ಆಡಬಹುದು. ಕೋಡಿಂಗ್ ಕಲಿಯುವ ಗೆಳೆಯರು ಒಮ್ಮೆ ಅದರ ಕೋಡ್ ತೆರೆದು ನೋಡಿ. ಬೇರೆಯವರು ಬರೆದಿಟ್ಟದ್ದನ್ನು ಅರ್ಥ ಮಾಡಿಕೊಳ್ಳಲು ಎಷ್ಟು ತಾಳ್ಮೆ ಬೇಕು ಅನ್ನುವುದು ಅಲ್ಲಿ ಕಾಣುತ್ತದೆ.

ಎಣಿಸದೆ ಬಿಚ್ಚಬೇಡ

ಆಟ ಮುಗಿದ ವಾರವೇ ಅರಸೀಕೆರೆಗೆ ಹೋದೆ. ಅಲ್ಲಿ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ತೆಂಗಿನ ತೋಟ ಇರುವವರು ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬರುತ್ತಾರೆ. ಅವತ್ತೂ ಒಂದು ಬಂದಿತ್ತು. ವೋಲ್ಟೇಜ್ ಏರುಪೇರಾಗಿ ಒಳಗಿನ ತಾಮ್ರದ ಸುತ್ತೆಲ್ಲ ಕರಟಿ ಕಪ್ಪಾಗಿತ್ತು. ಆ ವಾಸನೆ ನನಗೆ ಚಿಕ್ಕಂದಿನಿಂದ ಪರಿಚಯ.

ಸಹಾಯ ಮಾಡೋಣ ಅಂತ ಕಟ್ಟರ್ ತೆಗೆದುಕೊಂಡು ಕಾಯಿಲ್‌ಗೆ ಕೈಹಾಕಿದೆ. ಅಪ್ಪ ತಡೆದರು. 'ಎಣಿಸದೆ ಬಿಚ್ಚಬೇಡ ಕಣೋ. ಎಷ್ಟು ಸುತ್ತು, ಯಾವ ಗೇಜ್ ತಂತಿ, ಯಾವ ಸ್ಲಾಟಿಂದ ಯಾವ ಸ್ಲಾಟಿಗೆ ಹೋಗಿದೆ, ಮೊದಲು ಬರ್ಕೊ. ಕಿತ್ತು ಬಿಸಾಕಿದ ಮೇಲೆ ಯಾರನ್ನ ಕೇಳ್ತೀಯ?' ಅವರ ಹತ್ತಿರ ಎಣ್ಣೆಗೈ ಗುರುತಿನ ಒಂದು ಹಳೇ ನೋಟ್‌ಬುಕ್ ಇದೆ. ಅದರಲ್ಲಿ ಅವರು ಇಷ್ಟು ವರ್ಷ ಬಿಚ್ಚಿದ ಮೋಟರ್‌ಗಳ ಲೆಕ್ಕ ಇದೆ. ಸುಟ್ಟ ತಂತಿ ಗುಜರಿಗೆ ಹೋಗುತ್ತದೆ, ಲೆಕ್ಕ ಮಾತ್ರ ಉಳಿಯುತ್ತದೆ. ಆ ಲೆಕ್ಕದ ಪ್ರಕಾರ ಹೊಸ ತಂತಿ ಸುತ್ತಿದರೆ ಅದೇ ಮೋಟರ್ ಮತ್ತೆ ನೀರೆತ್ತುತ್ತದೆ. ಲೆಕ್ಕ ತಪ್ಪಿದರೆ ಎಂಥ ಹೊಸ ತಂತಿ ಹಾಕಿದರೂ ಮತ್ತೆ ಸುಡುತ್ತದೆ.

ಯಾಕೋ ಅಲ್ಲಿಗೆ ತಡೆದುಕೊಳ್ಳಲು ಆಗಲಿಲ್ಲ. 'ಅಪ್ಪಾ, ನಂಗೆ ಮ್ಯಾಥ್ಸ್ ಹೋಗಿದೆ' ಅಂದೆ.

ಅಪ್ಪ ತಲೆ ಎತ್ತಲಿಲ್ಲ. 'ಎಷ್ಟರಲ್ಲಿ ಹೋಯ್ತು?'

'11.'

'ಯಾವ ಪಾಠದಲ್ಲಿ ಹೋಯ್ತು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ರಿಸಲ್ಟ್ ಪೇಜ್ ಮುಚ್ಚಿದವನು ಮತ್ತೆ ಅದರ ತಂಟೆಗೇ ಹೋಗಿರಲಿಲ್ಲ.

'ಮೂರು ವಾರ ಆಯ್ತಲ್ಲೋ. ಎಲ್ಲಿ ಸುಟ್ಟಿದೆ ಅಂತಾನೂ ನೋಡಿಲ್ವಾ?'

ಅಷ್ಟೇ ಕೇಳಿದ್ದು. ಆಮೇಲೆ ರಾತ್ರಿ ಊಟದ ತನಕ ನನ್ನ ಜೊತೆ ಮಾತಿಲ್ಲ. ಅಮ್ಮ ಮುದ್ದೆ ಬಡಿಸುವಾಗ ಅವರ ಹತ್ತಿರ, ನನಗೆ ಕೇಳುವ ಹಾಗೆ, 'ಫೇಲಾಗಿದ್ದಕ್ಕೆ ಬೇಜಾರಿಲ್ಲ, ಸರ್ವರ್ ಡೌನ್ ಅಂದ್ನಲ್ಲ, ಅದಕ್ಕೆ' ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಉತ್ತರ ಪತ್ರಿಕೆಯ ಫೋಟೊಕಾಪಿಗೆ ದುಡ್ಡು ಕಟ್ಟಿದೆ. ಬಂದಾಗ ಕೈ ನಡುಗಿತು, ಆದರೂ ಪುಟ ಪುಟವಾಗಿ ನೋಡಿದೆ. ಫೋರಿಯರ್ ಸರಣಿಯಲ್ಲಿ ಸೂತ್ರ ಸರಿ ಬರೆದು ಇಂಟಿಗ್ರೇಶನ್‌ನಲ್ಲಿ ಚಿಹ್ನೆ ತಪ್ಪಿದ್ದೆ. ಎರಡು ಕಡೆ ಅದೇ ತಪ್ಪು. ಲಾಪ್ಲಾಸ್ ಮಾಡ್ಯೂಲ್‌ನ ಪ್ರಶ್ನೆಗಳ ಜಾಗ ಖಾಲಿ, ಯಾಕೆಂದರೆ ಪ್ಯಾಕೇಜ್ ಅದನ್ನು ಬಿಡಿಸಿತ್ತು. ಮ್ಯಾಥ್ಸ್ ನನಗೆ ಬರುವುದೇ ಇಲ್ಲ ಅಂತ ಮೂರು ವಾರ ಅಂದುಕೊಂಡಿದ್ದೆ. ಎಣಿಸಿ ನೋಡಿದರೆ ಅದು ಒಂದು ಚಿಹ್ನೆ ಮತ್ತು ಒಂದು ಮಾಡ್ಯೂಲ್‌ನ ಕಥೆ.

ಹಳೆಯದರ ಒಳಗಿನ ಕಾರಣ

ಈ ಪಾಠ ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕನೇ ಸೆಮ್‌ನಲ್ಲಿ ನಮ್ಮ ತಂಡಕ್ಕೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಹಾಸ್ಟೆಲ್ ಮೆಸ್ ಬಿಲ್ ಲೆಕ್ಕ ಹಾಕಲು ಸೀನಿಯರ್‌ಗಳು ಬರೆದಿದ್ದ ಪ್ರೋಗ್ರಾಂ ತೆಗೆದುಕೊಂಡು ಹೊಸದಾಗಿ ಮಾಡುವುದು. ಕೋಡ್ ನೋಡಿದರೆ ಗೋಜಲು. ಮಧ್ಯೆ ಒಂದು ವಿಚಿತ್ರ ಷರತ್ತು: ರಜೆ ಮೂರು ದಿನಕ್ಕಿಂತ ಹೆಚ್ಚಿದ್ದರೆ ಏನೋ ಕಳೆಯುವುದು, ಇಲ್ಲದಿದ್ದರೆ ಇಲ್ಲ. 'ಇದೇನೋ ಕಸ' ಅಂತ ತೆಗೆದು ಹಾಕಿದೆವು. ಪರದೆ ಚೆಂದ ಮಾಡಿದೆವು, ಬಟನ್‌ಗಳಿಗೆ ಬಣ್ಣ ಕೊಟ್ಟೆವು. ಪರೀಕ್ಷಿಸಿ ನೋಡಿದರೆ ಊರಿಗೆ ಹೋಗಿಬಂದವರ ಬಿಲ್ಲೆಲ್ಲ ತಪ್ಪು. ಸತತ ಮೂರು ದಿನಕ್ಕಿಂತ ಹೆಚ್ಚು ಊಟ ಬಿಟ್ಟವರಿಗೆ ಮಾತ್ರ ರಿಯಾಯಿತಿ ಎಂಬುದು ಮೆಸ್‌ನ ನಿಯಮ. ಆ ಒಂದು ಸಾಲು ಕಸವಲ್ಲ, ಇಡೀ ಪ್ರೋಗ್ರಾಂನ ಬೆನ್ನೆಲುಬು. ನಾವು ಎಣಿಸದೆ ಬಿಚ್ಚಿದ್ದೆವು.

ಕೆಲಸಕ್ಕೆ ಸೇರಿದ ಸೀನಿಯರ್‌ಗಳೂ ಇದನ್ನೇ ಹೇಳುತ್ತಾರೆ. ಕಾಲೇಜಿನಲ್ಲಿ ಎಲ್ಲವನ್ನೂ ಸೊನ್ನೆಯಿಂದ ಬರೆಸುತ್ತಾರೆ, ಕಂಪನಿಯಲ್ಲಿ ಕೈಗೆ ಕೊಡುವುದು ಯಾರೋ ಎಂದೋ ಬರೆದಿಟ್ಟ ಕೋಡ್. ಅದನ್ನು ಬರೆದವನು ಕೆಲಸ ಬಿಟ್ಟು ಹೋಗಿರುತ್ತಾನೆ. ಅದನ್ನು ಓದುವ, ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು ಅಂತ ತೀರ್ಮಾನಿಸುವ ತಾಳ್ಮೆಗೆ ಯಾವ ಸೆಮ್‌ನಲ್ಲೂ ಪೇಪರ್ ಇಲ್ಲ. ಡಬಲ್ ಫೈನ್‌ನವರು ಮಾಡಿದ್ದು ಆ ಕೆಲಸ. ಅರಸೀಕೆರೆಯ ನಮ್ಮಂಗಡಿಯಲ್ಲಿ ದಿನಾ ನಡೆಯುವುದೂ ಅದೇ ಕೆಲಸ. ಇಷ್ಟು ವರ್ಷ ಕಣ್ಣೆದುರೇ ಇದ್ದರೂ ನನಗೆ ಕಂಡಿರಲಿಲ್ಲ.

ಆಟದ ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ನೀವೇ ಆಡಿ. ಒಂದು ಮಾತು ಮಾತ್ರ ಹೇಳಬಲ್ಲೆ. ನಿನ್ನೆಯನ್ನು ಸರಿಮಾಡುತ್ತೇವೆ ಅಂತ ಹೊರಟ ಆ ಮೂವರಿಗೆ ಮೊದಲು ಮಾಡಬೇಕಾಗುವುದು ಅವರವರು ಬಿದ್ದ ಜಾಗದಲ್ಲಿ ಏನಿದೆ ಅಂತ ನೋಡುವುದು. ಜೇಬಿನಲ್ಲಿ ಏನಿದೆ, ಎದುರಿಗೆ ಯಾರಿದ್ದಾರೆ, ಯಾವುದನ್ನು ಯಾರಿಗೆ ಕಳಿಸಿದರೆ ಉಪಯೋಗ. ಬೇಕಾದ ಅಸಲಿ ವಜ್ರ ಆಮೇಲಿನ ಮಾತು.

ಮ್ಯಾಥ್ಸ್ ಬ್ಯಾಕ್ ಪೇಪರ್ ಬರೆದು ಬಂದಿದ್ದೇನೆ. ಈ ಸಲ ಐದೂ ಮಾಡ್ಯೂಲ್ ಓದಿದ್ದೆ. ಲಾಪ್ಲಾಸ್‌ನಿಂದ ಎರಡು ಪ್ರಶ್ನೆ ಬಂದಿದ್ದವು, ಎರಡನ್ನೂ ಬರೆದೆ. ಫೋರಿಯರ್‌ನಲ್ಲಿ ಚಿಹ್ನೆಯನ್ನು ಎರಡೆರಡು ಸಲ ನೋಡಿದೆ. ರಿಸಲ್ಟ್ ಇನ್ನೂ ಬಂದಿಲ್ಲ. ಬಂದ ದಿನ ಅಪ್ಪ ಫೋನ್ ಮಾಡುವ ಮೊದಲು ನಾನೇ ಮಾಡುತ್ತೇನೆ. ಪಾಸೋ ಫೇಲೋ, ಅಂಕ ಎಷ್ಟು, ಯಾವ ಪಾಠದಲ್ಲಿ ಎಷ್ಟು ಅಂತ ಹೇಳುತ್ತೇನೆ. ಸರ್ವರ್ ನಿಜಕ್ಕೂ ಡೌನ್ ಆಗಿದ್ದರೆ ಏನು ಮಾಡುವುದು ಅಂತ ಮಾತ್ರ ಗೊತ್ತಾಗುತ್ತಿಲ್ಲ. ಈ ಸಲ ಅಪ್ಪ ನಂಬುತ್ತಾರಾ?